ಮಾಂಸದ ಕೋಳಿಗಳಲ್ಲಿ ತಳಿಮೌಲ್ಯವನ್ನು ಅಂದಾಜು ಮಾಡುವ ಕ್ರಮ

ಬೀಜಕ್ಕೆಂದು ತೆನೆಯನ್ನು ಆರಿಸುವ ವಿಷಯದಲ್ಲಿ ಬೆಳಗಾವಿ ಸೀಮೆಯ ಒಕ್ಕಲುಗರಿಗೆ ಯಾರೂ ಹೊಸದಾಗಿ ಬುದ್ಧಿ ಹೇಳಬೇಕಾಗಿಲ್ಲ. ಜೋಳದ ರಾಶಿಗೆ ಮುಂಚಿತವಾಗಿಯೇ ಹೊಲದಲ್ಲಿ ತಿರುಗಾಡಿ, ಕಾಳು ತುಂಬಿದ, ಬೇನೆ ತಗಲದ ತೆನೆಗಳನ್ನು ನೋಡಿ ನೋಡಿ ಕೊಯ್ದು ಬೇರೆ ಇರಿಸುವ ಪದ್ಧತಿಯು ಹಿರಿಯರ ಕಾಲದಿಂದಲೂ ನಡೆದುಬಂದಿದೆ. ಹೋರಿಯನ್ನು ಕೊಳ್ಳುವಾಗ ಅದರ ತಾಯಿಯಾವುದು, ತಂದೆಯಾವುದು ಎಂದು ಕೇಳದೆ ಹಣ ಎಣಿಸುವವನೂ ವಿರಳ. ಆದರೆ ಅದೇ ಒಕ್ಕಲುಗನ ಹಿತ್ತಲಿನ ಕೋಳಿಗಳ ವಿಷಯದಲ್ಲಿ ನಡೆಯುವುದು ಇದಕ್ಕೆ ತೀರ ವಿಪರೀತವಾದುದು. ಸಾಂಬ್ರಾ ಮತ್ತು ಅದರ ಸುತ್ತಲಿನ ಮುತಗಾ, ಬಾಳೇಕುಂದ್ರಿ ಮುಂತಾದ ಗ್ರಾಮಗಳಲ್ಲಾಗಲಿ, ಪಡುವಲ ಕಡೆಗೆ ಖಾನಾಪುರದ ಅಡವಿಯಂಚಿನ ಹಳ್ಳಿಗಳಲ್ಲಾಗಲಿ, ಜಾತ್ರೆ ಬಂದರೂ ಬೀಗರು ಬಂದರೂ ವ್ಯಾಪಾರಸ್ಥನು ಬಾಗಿಲಿಗೆ ಬಂದರೂ ಮೊದಲು ಕೈಗೆ ಸಿಕ್ಕುವುದು ಹಿಂಡಿನಲ್ಲಿ ಎಲ್ಲಕ್ಕೂ ದೊಡ್ಡದಾದ ಹುಂಜವೇ. ಯಾರಿಗೂ ಬೇಡವಾಗಿ ಉಳಿದ ಸಣಕಲು ಹುಂಜವು ಮುಂದಿನ ವರ್ಷದ ಮರಿಗಳೆಲ್ಲಕ್ಕೂ ತಂದೆಯಾಗುತ್ತದೆ. ಒಳ್ಳೆಯ ತೆನೆಯನ್ನು ಸಂತೆಗೆ ಕಳುಹಿಸಿ ಜೊಳ್ಳನ್ನು ಬೀಜಕ್ಕೆ ಇಟ್ಟುಕೊಂಡಂತೆಯೇ ಇದು ಆಯಿತು.

ಈ ವಿಪರೀತ ಆಯ್ಕೆಯಿಂದ ಎಷ್ಟು ನಷ್ಟವಾಗುತ್ತದೆ, ಸರಿಯಾದ ಆಯ್ಕೆಯಿಂದ ಎಷ್ಟು ಲಾಭವಾದೀತು ಎಂಬುದನ್ನು ಊಹೆಯಿಂದಲ್ಲ, ತಕ್ಕಡಿ ಮತ್ತು ಒಂದು ವಹಿಯ ಸಹಾಯದಿಂದ ಲೆಕ್ಕ ಹಾಕಿ ತಿಳಿಯಬಹುದಾಗಿದೆ. ಕೋಳಿಯ ತಳಿಗಳನ್ನು ಸುಧಾರಿಸುವ ಸಂಸ್ಥೆಗಳು ಈ ಲೆಕ್ಕಕ್ಕೆ ‘ತಳಿಮೌಲ್ಯದ ಅಂದಾಜು’ ಎಂದು ಕರೆಯುತ್ತವೆ. ಅದರ ತಿರುಳು ಗ್ರಾಮದ ಮುಖಂಡರಿಗೂ ಜಮೀನುದಾರರಿಗೂ ಉಪಯೋಗಕ್ಕೆ ಬರುವಷ್ಟು ಸರಳವಾದುದು.

ತಳಿಮೌಲ್ಯವೆಂದರೇನು?

ಒಂದು ಹುಂಜವು ತನ್ನ ಜೊತೆಯವುಗಳಿಗಿಂತ ಹೆಚ್ಚು ತೂಗುವುದಕ್ಕೆ ಎರಡು ಬಗೆಯ ಕಾರಣಗಳು ಇರುತ್ತವೆ. ಒಂದು, ತಾಯಿತಂದೆಗಳಿಂದ ಅದಕ್ಕೆ ಬಂದ ಗುಣ. ಇನ್ನೊಂದು, ಅದಕ್ಕೆ ದೊರೆತ ಅನುಕೂಲ. ಬೆಚ್ಚಗಿನ ಮೂಲೆಯಲ್ಲಿ ಮಲಗಿದ್ದು, ಕಾಳಿನ ತಟ್ಟೆಗೆ ಮೊದಲು ನುಗ್ಗಿದ್ದು, ರಕ್ತಭೇದಿಯಿಂದ ತಪ್ಪಿಸಿಕೊಂಡದ್ದು ಇವೆಲ್ಲವೂ ತೂಕವನ್ನು ಹೆಚ್ಚಿಸುತ್ತವೆ. ಮೊದಲನೆಯದು ಮಾತ್ರ ಮರಿಗಳಿಗೆ ಹೋಗುತ್ತದೆ. ಎರಡನೆಯದು ಆ ಹುಂಜದೊಡನೆಯೇ ಗಡಿಗೆಗೆ ಬೀಳುತ್ತದೆ. ಸರಾಸರಿಗಿಂತ ಮೇಲಾದ ತೂಕದಲ್ಲಿ ಸಂತಾನಕ್ಕೆ ಹೋಗಬಲ್ಲ ಪಾಲು ಎಷ್ಟೋ ಅದೇ ಆ ಹಕ್ಕಿಯ ತಳಿಮೌಲ್ಯವು.

ನೂರು ಪಾಲಿನಲ್ಲಿ ಎಷ್ಟು ಪಾಲು ಹೀಗೆ ಹೋಗಬಲ್ಲದು ಎಂಬುದಕ್ಕೆ ಆನುವಂಶಿಕತೆಯೆಂದು ಹೆಸರು. ಇದು ಎಲ್ಲ ಗುಣಗಳಿಗೂ ಒಂದೇ ಆಗಿರುವುದಿಲ್ಲ. ಮಾಂಸದ ಕೋಳಿಗಳಲ್ಲಿ ಮಾರಾಟದ ವಯಸ್ಸಿನ ತೂಕಕ್ಕೆ ಇದು ಸಾಮಾನ್ಯವಾಗಿ ನೂರಕ್ಕೆ ೨೫ರಿಂದ ೪೫ರ ವರೆಗೆ ಕಂಡುಬರುತ್ತದೆ. ತತ್ತಿಗಳ ಸಂಖ್ಯೆಗೆ ಅಷ್ಟಿಲ್ಲ. ಬಹುಮಟ್ಟಿಗೆ ೧೦ರಿಂದ ೨೫ರ ಒಳಗೆ ಇರುತ್ತದೆ. ತತ್ತಿಯೊಡೆದು ಮರಿಯಾಗುವ ಪ್ರಮಾಣ, ಮರಿಗಳ ಬದುಕುಳಿಯುವಿಕೆ ಇವುಗಳಿಗೆ ಸಾಮಾನ್ಯವಾಗಿ ೧೦ಕ್ಕಿಂತಲೂ ಕಡಿಮೆ. ಆದುದರಿಂದ ಮರಿಗಳು ಸಾಯುತ್ತಿದ್ದರೆ ಹುಂಜವನ್ನು ಬದಲಿಸುವುದಕ್ಕಿಂತ ಮೊದಲು ಗೂಡನ್ನು ಒಣಗಿಸುವುದೂ ರಾಣಿಖೇತ ಬೇನೆಗೆ ಲಸಿಕೆ ಹಾಕಿಸುವುದೂ ಬೇಗ ಫಲ ಕೊಡುತ್ತವೆ. ತೂಕದ ವಿಷಯದಲ್ಲಿಯಾದರೋ ಆಯ್ಕೆಯ ಫಲವು ಕಣ್ಣಿಗೆ ಕಾಣುವಷ್ಟು ಬರುತ್ತದೆ.

ಆಯ್ಕೆಯಿಂದ ಎಷ್ಟು ದೂರ ಹೋಗಬಹುದೆಂಬುದಕ್ಕೆ ಒಂದು ನಿದರ್ಶನವಿದೆ. ೧೯೫೭ರಲ್ಲಿಯೂ ೧೯೭೮ರಲ್ಲಿಯೂ ಇದ್ದ ಮಾಂಸದ ಕೋಳಿಗಳ ತಳಿಗಳನ್ನು ಮುಂದೆ ಯಾವ ಆಯ್ಕೆಯನ್ನೂ ಮಾಡದೆ ಹಾಗೆಯೇ ಉಳಿಸಿಕೊಂಡು ಬಂದಿದ್ದ ಕೆನಡಾ ದೇಶದ ಆಲ್ಬರ್ಟಾ ವಿಶ್ವವಿದ್ಯಾಲಯದವರು, ಅವುಗಳನ್ನು ೨೦೦೫ರ ವ್ಯಾಪಾರಿ ತಳಿಯೊಡನೆ ಕೂಡಿಸಿ ಒಂದೇ ಆಹಾರದ ಮೇಲೆ ಬೆಳೆಸಿ, ೨೦೧೪ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ೫೬ ದಿನಗಳ ವಯಸ್ಸಿಗೆ ಮೊದಲನೆಯ ತಳಿಯು ಸರಾಸರಿ ೯೦೫ ಗ್ರಾಂ, ಎರಡನೆಯದು ೧,೮೦೮ ಗ್ರಾಂ, ಮೂರನೆಯದು ೪,೨೦೨ ಗ್ರಾಂ ತೂಗಿದವು. ಆಹಾರವು ಒಂದೇ ಆಗಿದ್ದುದರಿಂದ ಈ ವ್ಯತ್ಯಾಸವು ತಳಿಯದೇ ಎಂಬುದು ಸ್ಪಷ್ಟ.

ಸ್ವಂತ ತೂಕದಿಂದ ಅಂದಾಜು

ಸಾಂಬ್ರಾದ ಒಬ್ಬ ಜಮೀನುದಾರನು ಹಲವು ವರ್ಷಗಳಿಂದ ತನ್ನಲ್ಲಿಯೇ ಬೆಳೆಸುತ್ತ ಬಂದ ಮೈತುಂಬಿದ ಬಣ್ಣದ ಕೋಳಿಗಳಿಂದ ಒಂದೇ ವಾರದಲ್ಲಿ ೬೦ ಮರಿಗಳನ್ನು ಮಾಡಿಸಿದನೆಂದು ಉದಾಹರಣೆಗಾಗಿ ಭಾವಿಸತಕ್ಕದ್ದು. ಹತ್ತು ವಾರಗಳಾದ ಮೇಲೆ ಎಲ್ಲವನ್ನೂ ಮುಂಜಾವಿನಲ್ಲಿ, ಕಾಳು ಹಾಕುವುದಕ್ಕೆ ಮೊದಲು, ತೂಗಬೇಕು. ಹುಂಜಗಳ ಸರಾಸರಿಯನ್ನು ಬೇರೆಯಾಗಿಯೂ ಹೇಂಟೆಗಳ ಸರಾಸರಿಯನ್ನು ಬೇರೆಯಾಗಿಯೂ ತೆಗೆಯಬೇಕು. ಹುಂಜವು ಸ್ವಭಾವತಃ ಹೆಚ್ಚು ತೂಗುವುದರಿಂದ ಎರಡನ್ನೂ ಕೂಡಿಸಿದರೆ ಲೆಕ್ಕವು ಕೆಡುತ್ತದೆ. ಹುಂಜಗಳ ಸರಾಸರಿಯು ೧,೨೦೦ ಗ್ರಾಂ ಬಂದಿತೆಂದೂ, ಅವುಗಳಲ್ಲಿ ಒಂದು ಕರಿಯ ಹುಂಜವು ೧,೫೦೦ ಗ್ರಾಂ ತೂಗಿತೆಂದೂ ಇಟ್ಟುಕೊಂಡರೆ, ಅದು ಸರಾಸರಿಗಿಂತ ೩೦೦ ಗ್ರಾಂ ಮೇಲಾಯಿತು. ಆನುವಂಶಿಕತೆಯನ್ನು ನೂರಕ್ಕೆ ೩೦ ಎಂದು ಹಿಡಿದರೆ, ೩೦೦ರಲ್ಲಿ ೯೦ ಗ್ರಾಂ ಮಾತ್ರ ಅದರ ತಳಿಮೌಲ್ಯವು. ಮಿಕ್ಕ ೨೧೦ ಗ್ರಾಂ ಅನುಕೂಲದ್ದು.

ಆ ೯೦ ಗ್ರಾಂ ಕೂಡ ಇಡಿಯಾಗಿ ಮರಿಗೆ ಹೋಗುವುದಿಲ್ಲ. ಮರಿಗೆ ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಗುಣ ಬರುವುದರಿಂದ ಈ ಹುಂಜದ ಪಾಲು ೪೫ ಗ್ರಾಂ. ಹೇಂಟೆಗಳನ್ನೂ ತಮ್ಮ ಸರಾಸರಿಗಿಂತ ೧೦೦ ಗ್ರಾಂ ಮೇಲಾದವುಗಳನ್ನೇ ಆರಿಸಿದ್ದರೆ ಅವುಗಳ ತಳಿಮೌಲ್ಯವು ೩೦ ಗ್ರಾಂ, ಮರಿಗೆ ಹೋಗುವುದು ೧೫ ಗ್ರಾಂ. ಒಟ್ಟಿನಲ್ಲಿ ಮುಂದಿನ ಪೀಳಿಗೆಯು ಹಿಂದಿನದಕ್ಕಿಂತ ಸುಮಾರು ೬೦ ಗ್ರಾಂ ಹೆಚ್ಚು ತೂಗೀತೆಂದು ನಿರೀಕ್ಷಿಸಬಹುದು.

ಈಗ ಜಾತ್ರೆಯ ಲೆಕ್ಕವನ್ನು ನೋಡತಕ್ಕದ್ದು. ಕರಿಯ ಹುಂಜವನ್ನು ಮಾರಿ, ೧,೦೦೦ ಗ್ರಾಂ ತೂಗುವ ಸಣಕಲನ್ನು ಉಳಿಸಿಕೊಂಡರೆ, ಅದು ಸರಾಸರಿಗಿಂತ ೨೦೦ ಗ್ರಾಂ ಕೆಳಗೆ. ತಳಿಮೌಲ್ಯವು ೬೦ ಗ್ರಾಂ ಕಡಿಮೆ. ಪ್ರತಿಯೊಂದು ಮರಿಗೂ ೩೦ ಗ್ರಾಂ ನಷ್ಟ. ಕರಿಯ ಹುಂಜದ ಮರಿಗೂ ಇದರ ಮರಿಗೂ ಇರುವ ಅಂತರವು ೭೫ ಗ್ರಾಂ ಆಗುತ್ತದೆ, ಅಂದರೆ ನೂರು ಮರಿಗಳಲ್ಲಿ ಏಳೂವರೆ ಕಿಲೋಗ್ರಾಂ. ಕರಿಯ ಹುಂಜವನ್ನು ಮಾರಿ ಪಡೆದ ಹೆಚ್ಚಿನ ಹಣವಾದರೋ ಕೇವಲ ಅರ್ಧ ಕಿಲೋಗ್ರಾಂ ತೂಕದ ಬೆಲೆ. ಇದೇ ಬಗೆಯ ಆಯ್ಕೆಯು ಐದು ಪೀಳಿಗೆಗಳ ವರೆಗೆ ನಡೆದರೆ ಹಿಂಡಿನ ಸರಾಸರಿಯೇ ೧೫೦ ಗ್ರಾಂ ಇಳಿದುಹೋಗುವ ಸಂಭವವಿದೆ. ‘ನಮ್ಮ ಕೋಳಿಗಳು ಮೊದಲಿನಂತೆ ಬೆಳೆಯುವುದಿಲ್ಲ, ಕಾಳಿನಲ್ಲಿ ಸತ್ವವಿಲ್ಲ’ ಎಂಬ ದೂರಿಗೆ ಕಾರಣವನ್ನು ಎಷ್ಟೋ ಸಲ ಕಾಳಿನಲ್ಲಿ ಅಲ್ಲ, ಹಿಂದಿನ ಜಾತ್ರೆಯಲ್ಲಿ ಹುಡುಕಬೇಕಾಗುತ್ತದೆ.

ತೂಗುವಾಗ ಎರಡು ಎಚ್ಚರಿಕೆಗಳು ಅವಶ್ಯ. ತತ್ತಿಯೊಡೆದು ಹೊರಬಂದ ದಿನದ ಮರಿಯ ತೂಕವನ್ನು ನಂಬಬಾರದು. ಅದು ತತ್ತಿಯ ಗಾತ್ರದ ತೂಕವೇ ಹೊರತು ಮರಿಯ ಬೆಳವಣಿಗೆಯ ಗುರುತಲ್ಲ. ಎರಡನೆಯದಾಗಿ, ಒಂದೇ ವಾರದಲ್ಲಿ ಹುಟ್ಟಿ ಒಂದೇ ಗೂಡಿನಲ್ಲಿ ಬೆಳೆದವುಗಳನ್ನು ಮಾತ್ರ ಪರಸ್ಪರ ಹೋಲಿಸಬೇಕು. ಮುಂಗಾರಿನ ಜಿಟಿಜಿಟಿ ಮಳೆಯಲ್ಲಿ ನೆನೆದ ನೆಲದ ಮೇಲೆ ಬೆಳೆದ ಮರಿಯನ್ನು ದೀಪಾವಳಿಯ ನಂತರದ ಒಣಹವೆಯಲ್ಲಿ ಬೆಳೆದ ಮರಿಯೊಡನೆ ತೂಗಿ ನೋಡಿದರೆ ತಿಳಿಯುವುದು ಮಳೆಯ ಗುಣವೇ ಹೊರತು ಹುಂಜದ ಗುಣವಲ್ಲ. ಅಮೇರಿಕಾದಲ್ಲಿ ೧೯೪೮ರಲ್ಲಿ ‘ನಾಳಿನ ಕೋಳಿ’ ಎಂಬ ಹೆಸರಿನಿಂದ ದೊಡ್ಡ ಸ್ಪರ್ಧೆಯು ನಡೆದಾಗ, ಬೇರೆ ಬೇರೆ ಸಂಸ್ಥಾನಗಳ ಸಾಕಣೆಗಾರರಿಂದ ಬೆಳೆದ ಕೋಳಿಗಳನ್ನು ತರಿಸಲಿಲ್ಲ. ತತ್ತಿಗಳನ್ನು ಒಂದೇ ಕಡೆಗೆ ತರಿಸಿ, ಮರಿಮಾಡಿಸಿ, ಒಂದೇ ಆಹಾರವನ್ನು ಕೊಟ್ಟು ಬೆಳೆಸಿ ತೂಗಿದರು. ಸಾಕಣೆಯ ಜಾಣತನವು ತಳಿಯ ಲೆಕ್ಕದಲ್ಲಿ ಬೆರೆಯಬಾರದೆಂಬುದೇ ಇದರ ಉದ್ದೇಶವಾಗಿತ್ತು.

ಸಂತಾನದಿಂದ ಪರೀಕ್ಷೆ

ಹಕ್ಕಿಯ ಸ್ವಂತ ತೂಕವು ಸಾಕ್ಷಿಯೆಂಬುದು ನಿಜ. ಆದರೆ ಒಂಟಿ ಸಾಕ್ಷಿ. ಮರಿಗಳು ಹುಟ್ಟಿದ ಮೇಲೆ ಅವೇ ತಂದೆಯ ವಿಷಯದಲ್ಲಿ ಹೆಚ್ಚು ನಂಬಿಕೆಯ ಸಾಕ್ಷಿಗಳಾಗುತ್ತವೆ. ಇದಕ್ಕಾಗಿ ಐದು ಹುಂಜಗಳನ್ನು ಆರಿಸಿ, ಪ್ರತಿಯೊಂದನ್ನು ಎಂಟು ಹತ್ತು ಹೇಂಟೆಗಳೊಡನೆ ಬೇರೆ ಬೇರೆ ಆವರಣದಲ್ಲಿ ಇಡಬೇಕು. ದೊಡ್ಡ ಹೇಂಟೆಗಳೆಲ್ಲ ಒಂದೇ ಹುಂಜದ ಪಾಲಿಗೆ ಹೋಗದಂತೆ ತೂಕವನ್ನು ನೋಡಿ ಸಮನಾಗಿ ಹಂಚತಕ್ಕದ್ದು. ಮರಿಯು ಯಾವ ಹುಂಜದ್ದೆಂಬುದನ್ನು ಹುಟ್ಟಿದ ದಿನವೇ ಗುರುತಿಸಬೇಕು. ಮರಿಯ ಒಂದೊಂದು ಪಾದದಲ್ಲಿ ಬೆರಳುಗಳ ನಡುವೆ ಎರಡೆರಡು ಕಡೆ ತೆಳುವಾದ ತೊಗಲು ಇರುತ್ತದೆ. ಸಣ್ಣ ಚಿಮುಟದಿಂದ ಅದರಲ್ಲಿ ತೂತು ಮಾಡಿದರೆ, ತೂತು ಇರುವ ಮತ್ತು ಇಲ್ಲದಿರುವ ಕಡೆಗಳನ್ನು ಕೂಡಿಸಿ ಹದಿನಾರು ಬಗೆಯ ಗುರುತುಗಳು ದೊರೆಯುತ್ತವೆ. ಐದು ಹುಂಜಗಳಿಗೆ ಇದು ಧಾರಾಳವಾಗಿ ಸಾಕು. ಬಳಿಕ ಮರಿಗಳನ್ನೆಲ್ಲ ಬೆರೆಸಿ ಒಂದೇ ಗೂಡಿನಲ್ಲಿ ಬೆಳೆಸಬೇಕು. ತಂದೆಗೊಂದು ಗೂಡು ಎಂದು ಬೇರೆ ಇರಿಸಿದರೆ ಮಾಡಿದ ಶ್ರಮವೆಲ್ಲ ವ್ಯರ್ಥವು.

ಹತ್ತು ವಾರಗಳಿಗೆ ತೂಗಿ, ಪ್ರತಿಯೊಂದು ಹುಂಜದ ಮರಿಗಳ ಸರಾಸರಿಯು ಇಡೀ ಗುಂಪಿನ ಸರಾಸರಿಗಿಂತ ಎಷ್ಟು ಮೇಲೆ ಅಥವಾ ಕೆಳಗೆ ಇದೆಯೆಂದು ಬರೆದುಕೊಳ್ಳಬೇಕು. ಹುಂಜಮರಿ, ಹೇಂಟೆಮರಿಗಳನ್ನು ಇಲ್ಲಿಯೂ ತಂತಮ್ಮ ಸರಾಸರಿಯೊಡನೆಯೇ ಹೋಲಿಸತಕ್ಕದ್ದು. ಆಮೇಲಿನ ಸೂತ್ರವು ಹೀಗಿದೆ: ಮರಿಗಳ ಸಂಖ್ಯೆಯನ್ನು ಎರಡರಿಂದ ಗುಣಿಸಿ, ಅದನ್ನು ಮರಿಗಳ ಸಂಖ್ಯೆಗೆ ೧೨ ಕೂಡಿಸಿದ ಮೊತ್ತದಿಂದ ಭಾಗಿಸಬೇಕು, ಬಂದ ಅಂಕಿಯಿಂದ ಆ ಹೆಚ್ಚುಕಡಿಮೆಯನ್ನು ಗುಣಿಸಿದರೆ ಹುಂಜದ ತಳಿಮೌಲ್ಯವು ದೊರೆಯುತ್ತದೆ. ೧೨ ಎಂಬುದು ಆನುವಂಶಿಕತೆಯು ನೂರಕ್ಕೆ ೩೦ ಇರುವಾಗ ಸುಮಾರಾಗಿ ಬರುವ ಅಂಕಿ. ಬೇರೆ ಗುಣಗಳಿಗೆ ಬೇರೆಯಾಗುತ್ತದೆ. ಈ ಪ್ರಕಾರ ನಾಲ್ಕು ಮರಿಗಳಿದ್ದರೆ ಅರ್ಧದಿಂದ, ೧೨ ಮರಿಗಳಿದ್ದರೆ ಒಂದರಿಂದ, ೩೬ ಮರಿಗಳಿದ್ದರೆ ಒಂದೂವರೆಯಿಂದ ಗುಣಿಸಬೇಕಾಗುತ್ತದೆ. ಮರಿಗಳು ಎಷ್ಟೇ ಹೆಚ್ಚಿದರೂ ಈ ಅಂಕಿಯು ಎರಡನ್ನು ಮೀರುವುದಿಲ್ಲ. ಸಾಕ್ಷಿಗಳು ಕಡಿಮೆಯಿದ್ದಷ್ಟೂ ಮಾತನ್ನು ಕಡಿಮೆ ನಂಬಬೇಕೆಂಬ ಪಂಚರ ವಿವೇಕವೇ ಇಲ್ಲಿ ಅಂಕಿಯ ರೂಪದಲ್ಲಿದೆ.

ಮೇಲೆ ಹೇಳಿದ ಕರಿಯ ಹುಂಜದ ೧೨ ಮರಿಗಳು ಗುಂಪಿನ ಸರಾಸರಿಗಿಂತ ೨೦ ಗ್ರಾಂ ಮೇಲೆ ಬಂದವೆಂದೂ, ತಾನು ೧,೪೦೦ ಗ್ರಾಂ ಮಾತ್ರ ತೂಗಿದ್ದ ಒಂದು ಕೆಂಪು ಹುಂಜದ ೩೬ ಮರಿಗಳು ೫೦ ಗ್ರಾಂ ಮೇಲೆ ಬಂದವೆಂದೂ ಭಾವಿಸಿದರೆ, ಕರಿಯದರ ತಳಿಮೌಲ್ಯವು ೨೦ ಗ್ರಾಂ, ಕೆಂಪಿನದು ೭೫ ಗ್ರಾಂ. ಸ್ವಂತ ತೂಕದಿಂದ ಕಟ್ಟಿದ ಲೆಕ್ಕದಲ್ಲಿ ಕರಿಯದಕ್ಕೆ ೯೦, ಕೆಂಪಿಗೆ ೬೦ ಎಂದಿತ್ತು. ಮರಿಗಳ ಸಾಕ್ಷ್ಯದಿಂದ ಸ್ಥಾನವು ಅದಲುಬದಲಾಯಿತು. ಕರಿಯ ಹುಂಜದ ಮೈಯು ಬಹುಶಃ ಕಾಳಿನ ತಟ್ಟೆಯ ಕೃಪೆಯಾಗಿದ್ದಿತು. ಈ ಪರೀಕ್ಷೆಯ ಅನನುಕೂಲವೆಂದರೆ ಕಾಲ. ಫಲಿತಾಂಶವು ಬರುವ ವರೆಗೆ ಐದೂ ಹುಂಜಗಳನ್ನು ಮಾರದೆ ಉಳಿಸಿಕೊಳ್ಳಬೇಕು. ಒಂದೇ ಮನೆತನಕ್ಕೆ ಇದು ಭಾರವಾದಲ್ಲಿ ಗ್ರಾಮದ ನಾಲ್ಕಾರು ಜನರು ಕೂಡಿ ಮಾಡಬಹುದು, ಮುಖಂಡರು ಮನಸ್ಸು ಮಾಡಬೇಕಷ್ಟೆ.

ಹುಂಜದಲ್ಲಿ ಕಾಣದಿರುವ ಗುಣಗಳಿಗೂ ಈ ದಾರಿಯೇ ಗತಿ. ಹುಂಜವು ತತ್ತಿಯಿಡುವುದಿಲ್ಲ, ಆದರೂ ಹೆಣ್ಣುಮರಿಗಳಿಗೆ ತತ್ತಿಯಿಡುವ ಗುಣವನ್ನು ಕೊಡುತ್ತದೆ. ಅದನ್ನು ತಿಳಿಯಬೇಕಾದರೆ ಅದರ ತಾಯಿಯ ಮತ್ತು ಒಡಹುಟ್ಟಿದ ಹೇಂಟೆಗಳ ತತ್ತಿಯ ಲೆಕ್ಕವನ್ನು ನೋಡಬೇಕು. ಎದೆಯ ಮಾಂಸವು ಎಷ್ಟೆಂಬುದನ್ನು ಕೊಯ್ಯದೆ ಸರಿಯಾಗಿ ಅಳೆಯಲಾಗದು, ಕೊಯ್ದ ಹುಂಜದಿಂದ ಸಂತಾನವಿಲ್ಲ. ಆದ್ದರಿಂದ ಒಡಹುಟ್ಟಿದವುಗಳಲ್ಲಿ ಕೆಲವನ್ನು ಕೊಯ್ದು ತೂಗುತ್ತಾರೆ. (ಸಾಂಬ್ರಾದಲ್ಲಿ ೧೯೪೨ರಲ್ಲಿ ಕಟ್ಟಿದ ವಿಮಾನ ನಿಲ್ದಾಣವಿರುವುದರಿಂದ ಕೊಯ್ದ ಕೋಳಿಗಳ ಕಸವನ್ನು ಬಯಲಿಗೆ ಎಸೆಯದೆ ಆಳವಾಗಿ ಹೂಳತಕ್ಕದ್ದು, ಕಸಕ್ಕೆ ಕೂಡುವ ಹದ್ದುಗಳು ವಿಮಾನಗಳಿಗೆ ಅಪಾಯಕರವಾದವು.) ಸ್ವಂತ ತೂಕ, ಒಡಹುಟ್ಟಿದವುಗಳ ತೂಕ, ಮರಿಗಳ ತೂಕ ಇವೆಲ್ಲವನ್ನೂ ಒಟ್ಟಿಗೆ ಹೊಂದಿಸಿ, ವಾರ ಮತ್ತು ಗೂಡುಗಳ ಭೇದವನ್ನೂ ಕಳೆದು ತಳಿಮೌಲ್ಯವನ್ನು ತೆಗೆಯುವ ಗಣಿತವನ್ನು ಕಟ್ಟಿಕೊಟ್ಟವನು ಅಮೇರಿಕಾದ ಕಾರ್ನೆಲ್ ವಿಶ್ವವಿದ್ಯಾಲಯದ ಹೆಂಡರ್ಸನ್ ಎಂಬ ಪಂಡಿತನು. ದೊಡ್ಡ ತಳಿಸಂಸ್ಥೆಗಳು ಅದನ್ನೇ ಗಣಕಯಂತ್ರದಿಂದ ಮಾಡುತ್ತವೆ. ೨೦೦೪ರಲ್ಲಿ ಕೋಳಿಯ ವಂಶವಾಹಿಗಳ ಕರಡು ನಕ್ಷೆಯು ಪ್ರಕಟವಾದ ಬಳಿಕ, ಮರಿಯ ರಕ್ತದ ಒಂದು ಹನಿಯಿಂದಲೇ ಮುಂಚಿತವಾಗಿ ಅಂದಾಜು ಮಾಡುವ ಕ್ರಮವೂ ಬಂದಿದೆ.

ತೂಕವೊಂದೇ ಲಾಭವಲ್ಲ

ತೂಕದ ತಳಿಮೌಲ್ಯವು ೮೦ ಗ್ರಾಂ ಇರುವ ಹುಂಜದಿಂದ ಪ್ರತಿ ಮರಿಗೂ ೪೦ ಗ್ರಾಂ ಹೆಚ್ಚುತ್ತದೆ. ಜೀವಂತ ತೂಕಕ್ಕೆ ಕಿಲೋಗ್ರಾಮಿಗೆ ೧೫೦ ರೂಪಾಯಿ ಎಂದು ಲೆಕ್ಕದ ಸಲುವಾಗಿ ಹಿಡಿದರೆ ಇದು ೬ ರೂಪಾಯಿ. ಆದರೆ ಆ ೪೦ ಗ್ರಾಂ ಮೈಗೂಡಬೇಕಾದರೆ ಎರಡೂವರೆ ಪಟ್ಟು, ಅಂದರೆ ೧೦೦ ಗ್ರಾಂ, ಗೋವಿನಜೋಳ ಮತ್ತು ಹಿಂಡಿಯ ಮಿಶ್ರಣವು ಬೇಕಾಯಿತೆಂದರೆ, ಕಿಲೋಗ್ರಾಮಿಗೆ ೪೦ ರೂಪಾಯಿಯಂತೆ ೪ ರೂಪಾಯಿ ಹೋಯಿತು. ಉಳಿದದ್ದು ಎರಡೇ ರೂಪಾಯಿ. ತೂಕದೊಡನೆ, ತಿಂದ ಕಾಳನ್ನು ಮಾಂಸವಾಗಿ ಮಾಡುವ ಗುಣವನ್ನೂ ತಳಿಸಂಸ್ಥೆಗಳು ಅಳೆಯುವುದು ಇದಕ್ಕಾಗಿಯೇ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಮೈ ಹೆಚ್ಚಿದಂತೆ ತತ್ತಿ ಕಡಿಮೆಯಾಗುವುದು ಮಾಂಸದ ಕೋಳಿಗಳ ಸ್ವಭಾವವು. ವ್ಯಾಪಾರಿ ಮಾಂಸದ ತಳಿಗಳ ತಾಯಿಕೋಳಿಗಳಿಗೆ ಹೊಟ್ಟೆತುಂಬ ಕಾಳು ಹಾಕಿದರೆ ಅವು ಕೊಬ್ಬಿ ತತ್ತಿಯಿಡುವುದರಲ್ಲಿ ಹಿಂದೆ ಬೀಳುವುದರಿಂದ, ಅವುಗಳಿಗೆ ಪ್ರತಿದಿನವೂ ಅಳೆದೇ ಹಾಕಬೇಕಾಗುತ್ತದೆ. ಮೇಲೆ ಹೇಳಿದ ೮೦ ಗ್ರಾಮಿನ ಹುಂಜದ ಹೆಣ್ಣುಮಕ್ಕಳಲ್ಲಿ ಹತ್ತನ್ನು ತತ್ತಿಗಾಗಿ ಉಳಿಸಿಕೊಂಡು, ಅವು ವರ್ಷಕ್ಕೆ ಐದೈದು ತತ್ತಿಗಳನ್ನು ಕಡಿಮೆ ಇಟ್ಟವೆಂದರೆ, ತತ್ತಿಗೆ ೧೦ ರೂಪಾಯಿಯಂತೆ ೫೦೦ ರೂಪಾಯಿ ನಷ್ಟ. ವರ್ಷಕ್ಕೆ ನೂರು ಮರಿಗಳನ್ನು ಮಾರುವವನಿಗೆ ತೂಕದಿಂದ ಬಂದ ಲಾಭವು ೨೦೦ ರೂಪಾಯಿ ಮಾತ್ರ. ಆ ಹುಂಜವು ಅವನ ಮನೆಗೆ ತಕ್ಕುದಲ್ಲ. ಐದುನೂರು ಮರಿಗಳನ್ನು ಮಾರುವವನಿಗಾದರೆ ಸಾವಿರ ರೂಪಾಯಿ ಬರುತ್ತದೆ, ಅವನಿಗೆ ತಕ್ಕುದು. ಒಂದೇ ಹುಂಜವು ಒಬ್ಬನಿಗೆ ಲಾಭವೂ ಇನ್ನೊಬ್ಬನಿಗೆ ನಷ್ಟವೂ ಆಗುವುದು ಹೀಗೆ. ಪ್ರತಿಯೊಂದು ಗುಣದ ತಳಿಮೌಲ್ಯವನ್ನೂ ಅದರ ಬೆಲೆಯಿಂದ ಗುಣಿಸಿ ಕೂಡಿಸುವ ಈ ಕ್ರಮವನ್ನು ೧೯೪೩ರಲ್ಲಿ ಹೇಜಲ್ ಎಂಬ ಅಮೇರಿಕಾದ ವಿದ್ವಾಂಸನು ಪಶುಗಳ ಆಯ್ಕೆಗಾಗಿ ಶಾಸ್ತ್ರೀಯವಾಗಿ ನಿರೂಪಿಸಿದನು. ಲೆಕ್ಕ ಬಲ್ಲ ಸಾಹುಕಾರನಿಗೆ ಇದರಲ್ಲಿ ಹೊಸತೇನೂ ಕಾಣದು.

ಸ್ಥಳವನ್ನೂ ಗಮನಿಸತಕ್ಕದ್ದು. ಸಾಂಬ್ರಾದಲ್ಲಿ ಗೂಡಿನೊಳಗೆ ಚೀಲದ ಆಹಾರವನ್ನು ತಿಂದು ಮೇಲೆನಿಸಿದ ಹುಂಜದ ಮರಿಗಳು, ಖಾನಾಪುರದ ಹೆಚ್ಚು ಮಳೆಯ ಹಳ್ಳಿಗಳಲ್ಲಿ ಹಿತ್ತಲನ್ನು ಕೆದರಿ ಮೇಯುತ್ತ, ಹದ್ದು ಮುಂಗುಸಿಗಳಿಂದ ತಪ್ಪಿಸಿಕೊಳ್ಳುತ್ತ ಬದುಕಬೇಕಾದಲ್ಲಿ ಹಿಂದೆ ಬೀಳಬಹುದು. ಅಂಥ ಕಡೆ ಚುರುಕಾದ ಜವಾರಿ ಕೋಳಿಯು ಮೈಯಲ್ಲಿ ಚಿಕ್ಕದಾದರೂ ಉಳಿಯುತ್ತದೆ. ಎಲ್ಲಿ ಸಾಕಬೇಕೋ ಅಲ್ಲಿಯೇ ತೂಗಿ ಆರಿಸುವುದು ಉತ್ತಮ.

ಬೀಜಕ್ಕಾಗದ ಕೋಳಿಗಳು

ಗುತ್ತಿಗೆಯ ಮೇಲೆ ಸಾಕಲು ಬರುವ ಬಿಳಿಯ ಮಾಂಸದ ಕೋಳಿಗಳಲ್ಲಿ ಒಂದೆರಡನ್ನು ಉಳಿಸಿಕೊಂಡು ಜವಾರಿ ಹೇಂಟೆಗಳಿಗೆ ಬಿಡುವ ಆಸೆಯು ಹಲವರಲ್ಲಿ ಕಾಣುತ್ತದೆ. ಆ ಮರಿಗಳು ಸಾಮಾನ್ಯವಾಗಿ ನಾಲ್ಕು ಬೇರೆ ಬೇರೆ ಶುದ್ಧ ಕುಲಗಳನ್ನು ಕ್ರಮವಾಗಿ ಕೂಡಿಸಿ ಪಡೆದ ಮಿಶ್ರತಳಿಗಳು. ಅವುಗಳ ಮೈಯಲ್ಲಿ ಕಾಣುವ ಹೆಚ್ಚಳದಲ್ಲಿ ಕೂಡಿಕೆಯಿಂದ ಬಂದ ಭಾಗವು ಮುಂದಿನ ಪೀಳಿಗೆಗೆ ಹಾಗೆಯೇ ಇಳಿಯುವುದಿಲ್ಲ. ಮರಿಗಳು ಒಂದೊಂದು ಒಂದೊಂದು ತೆರನಾಗುತ್ತವೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಸಿದ್ಧವಾದ ಗಿರಿರಾಜ, ೨೦೦೫ರಲ್ಲಿ ಹೊರಬಂದ ಸ್ವರ್ಣಧಾರಾ ಇವು ಹಿತ್ತಲಿನ ಸಾಕಣೆಗೆ ಬಹಳ ಒಳ್ಳೆಯವು. ಆದರೆ ಇವುಗಳ ತತ್ತಿಗೆ ಕಾವು ಕೊಟ್ಟು ಅದೇ ಗುಣದ ಮರಿಗಳನ್ನು ನಿರೀಕ್ಷಿಸುವುದು ಮಿಶ್ರತಳಿಯ ಗೋವಿನಜೋಳವನ್ನು ಮನೆಯಲ್ಲಿ ಬೀಜಕ್ಕೆ ಇಟ್ಟುಕೊಂಡಂತೆ. ಇಂಥವುಗಳ ಮರಿಗಳನ್ನು ಪ್ರತಿ ಸಲವೂ ಹೊಸದಾಗಿ ತರಬೇಕು. ಮೇಲೆ ಹೇಳಿದ ಲೆಕ್ಕವು ತನ್ನಲ್ಲಿಯೇ ಪೀಳಿಗೆಯಿಂದ ಪೀಳಿಗೆಗೆ ಬೆಳೆಯುವ ಹಿಂಡಿಗೆ ಮಾತ್ರ ಹೊಂದುತ್ತದೆ.

ಅಂಥ ಹಿಂಡಿನಲ್ಲಿ ಒಂದೇ ಉತ್ತಮ ಹುಂಜವನ್ನು ಹಿಡಿದುಕೊಂಡು ಕೂಡುವುದೂ ತಪ್ಪಾದೀತು. ಒಂದು ಹುಂಜ ಮತ್ತು ಹತ್ತು ಹೇಂಟೆಗಳ ಹಿಂಡು ರಕ್ತದ ಲೆಕ್ಕದಲ್ಲಿ ನಾಲ್ಕು ಹಕ್ಕಿಗಳಿಗಿಂತಲೂ ಕಡಿಮೆಯೆನಿಸುತ್ತದೆ. ಪ್ರತಿ ಪೀಳಿಗೆಗೂ ಒಳರಕ್ತವು ನೂರಕ್ಕೆ ೧೪ರಂತೆ ಹೆಚ್ಚುತ್ತ ಹೋಗಿ, ತತ್ತಿಗಳು ಬರಡಾಗುವುದು, ಮರಿಗಳು ಕುಂದುವುದು ಮೊದಲಾಗುತ್ತದೆ. ಐದು ಹುಂಜಗಳು ಮತ್ತು ಐವತ್ತು ಹೇಂಟೆಗಳಿದ್ದಲ್ಲಿ ಇದು ನೂರಕ್ಕೆ ಮೂರನ್ನು ಮುಟ್ಟುವುದಿಲ್ಲ. ಆದುದರಿಂದ ಸಾಂಬ್ರಾದವರು ಪರೀಕ್ಷಿಸಿದ ಹುಂಜವನ್ನು ಮುತಗಾದವರಿಗೂ, ಅವರದನ್ನು ಬಾಳೇಕುಂದ್ರಿಯವರಿಗೂ ವರ್ಷಕ್ಕೊಮ್ಮೆ ಬದಲಾಯಿಸಿಕೊಳ್ಳುವ ಏರ್ಪಾಡನ್ನು ಮುಖಂಡರು ಮಾಡಿಸಿದರೆ, ಆಯ್ಕೆಯ ಲಾಭವು ಉಳಿದು ಒಳರಕ್ತದ ಕೇಡು ತಪ್ಪುತ್ತದೆ. ಹೊರಗಿನಿಂದ ಬಂದ ಹುಂಜವನ್ನು ಬೇನೆಯಿಲ್ಲವೆಂದು ಖಾತ್ರಿಯಾಗುವ ವರೆಗೆ ಎರಡು ಮೂರು ವಾರ ಪ್ರತ್ಯೇಕವಾಗಿ ಇರಿಸಬೇಕು. ಹಿಂದಿನ ಹುಂಜವನ್ನು ಆ ವೇಳೆಗೆ ಮುಂಚಿತವಾಗಿಯೇ ಹೇಂಟೆಗಳಿಂದ ತೆಗೆದಿರತಕ್ಕದ್ದು. ಏಕೆಂದರೆ ಒಮ್ಮೆ ಕೂಡಿದ ಹುಂಜದ ಬೀಜವು ಹೇಂಟೆಯ ಒಡಲಲ್ಲಿ ಎರಡು ಮೂರು ವಾರಗಳ ವರೆಗೆ ಜೀವಂತವಾಗಿದ್ದು ತತ್ತಿಗಳನ್ನು ಫಲಿಸುತ್ತಿರುತ್ತದೆ. ಈ ಅವಧಿಯ ತತ್ತಿಗಳ ತಂದೆ ಯಾವುದೆಂದು ಹೇಳಲಾಗದ್ದರಿಂದ ಅವುಗಳನ್ನು ಕಾವಿಗೆ ಇಡದೆ ಅಡಿಗೆಮನೆಗೆ ಕೊಟ್ಟು, ಹೊಸ ಹುಂಜವನ್ನು ಬಿಟ್ಟ ತಾರೀಖನ್ನು ವಹಿಯಲ್ಲಿ ಬರೆದಿಡತಕ್ಕದ್ದು.